ಎಷ್ಟು? ಯಾವ ಕಡೆಗೆ? – ಎರಡು ಕೊಕ್ಕೆ ತಕ್ಕಡಿ ಇಟ್ಟುಕೊಂಡು ಮಕ್ಕಳಿಗೆ ಬಲದ ಪಾಠ

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಭಾನುವಾರ ಬೆಳಿಗ್ಗೆ ಅಕ್ಕಪಕ್ಕದ ಕಟ್ಟಡಗಳಿಂದ ಆರೇಳು ಮಕ್ಕಳು ಬರುತ್ತಾರೆ. ಎಂಟರಿಂದ ಹತ್ತನೇ ತರಗತಿಯವರು. ಮನೆಯಲ್ಲಿ ಕನ್ನಡವೋ ತುಳುವೋ, ಶಾಲೆಯಲ್ಲಿ ಮರಾಠಿ ಇಲ್ಲವೇ ಇಂಗ್ಲಿಷ್. ನಾನು ವೃತ್ತಿಯಿಂದ ಮೇಷ್ಟ್ರಲ್ಲ. ಮೂವತ್ತು ವರ್ಷ ಕಾರ್ಖಾನೆಗಳಲ್ಲಿ ಭಾರದ ಯಂತ್ರಗಳನ್ನು ಎತ್ತಿ ಇಳಿಸುವ ಕೆಲಸ ಮಾಡಿದವನು. ಇಲ್ಲಿಯವರು ಆ ಕೆಲಸದವರನ್ನು ಖಲಾಸಿ ಎನ್ನುತ್ತಾರೆ, ಕಾಗದದಲ್ಲಿ ರಿಗ್ಗರ್. ಅದಕ್ಕೂ ಮೊದಲು ಕುಂದಾಪುರದ ಕಡೆಯಿಂದ ಬಂದು ಮುಂಬಯಿಯ ಫೋರ್ಟಿನ ಒಂದು ಹೋಟೆಲಿನಲ್ಲಿ ಹಗಲು ಕೆಲಸ, ರಾತ್ರಿ ಶಾಲೆಯಲ್ಲಿ ಕನ್ನಡದಲ್ಲಿ ಓದು. ಹಾಗಾಗಿ ಬಲ ಅನ್ನುವುದು ಪುಸ್ತಕದಲ್ಲಿ ಸಿಗುವ ಮೊದಲೇ ನನ್ನ ಭುಜಕ್ಕೆ ಗೊತ್ತಿತ್ತು.

ಮಕ್ಕಳ ಅಪ್ಪ ಅಮ್ಮಂದಿರು ಕೇಳುವುದು ಒಂದೇ: ‘ಇವನಿಗೆ ಸೂತ್ರ ಬಾಯಿಪಾಠ ಇದೆ, ಲೆಕ್ಕ ಕೊಟ್ಟರೆ ತಪ್ಪುತ್ತದೆ, ಮನೆಯಲ್ಲಿ ಹೇಗೆ ಹೇಳಿಕೊಡುವುದು?’ ನಾನು ಮಾಡುವ ಕ್ರಮವನ್ನು ಇಲ್ಲಿ ಬರೆಯುತ್ತೇನೆ. ಒಂದು ಭಾನುವಾರದ ಎರಡು ಮೂರು ಗಂಟೆ, ಆಮೇಲೆ ಲೋಕಲ್ ರೈಲಿನಲ್ಲಿ ಒಂದು ಸಣ್ಣ ಪ್ರಯಾಣ, ಇಷ್ಟು ಸಾಕು. ಕಟ್ಟುನಿಟ್ಟಾದ ನಿಯಮ ಒಂದೇ. ಅಂಕಿ ಬರೆಯುವ ಮೊದಲು ಬಾಣ ಬರೆಯಬೇಕು. ನಾನು ನೋಡಿದ ತಪ್ಪುಗಳಲ್ಲಿ ಹೆಚ್ಚಿನವು ಬಾಣ ಬರೆಯದೆ ಅಂಕಿಗೆ ಕೈ ಹಾಕಿದ್ದರಿಂದ ಆದವು.

ಮೊದಲು ನೆಲದ ಮೇಲೆ ಎರಡು ಸಾಲು

ಮಗುವಿನ ಕೈಗೆ ಚಾಕ್ ಕೊಡಿ. ನೆಲದ ಮೇಲೆ ಒಂದು ಕಡೆ ‘ಎಷ್ಟು?’ ಎಂದೂ ಇನ್ನೊಂದು ಕಡೆ ‘ಎಷ್ಟು, ಯಾವ ಕಡೆಗೆ?’ ಎಂದೂ ಬರೆಸಿ. ಈಗ ನೀವು ಒಂದೊಂದೇ ಹೇಳುತ್ತಾ ಹೋಗಿ, ಅದು ಯಾವ ಸಾಲಿಗೆ ಸೇರುತ್ತದೆ ಎಂದು ಮಗು ಹೇಳಲಿ. ಅರ್ಧ ಲೀಟರ್ ಹಾಲು. ಇಪ್ಪತ್ತು ನಿಮಿಷ. ಐದು ಕೆಜಿ ಅಕ್ಕಿ. ಮೂವತ್ತೆರಡು ಡಿಗ್ರಿ ಸೆಕೆ. ‘ಇಪ್ಪತ್ತು ನಿಮಿಷ ಯಾವ ಕಡೆಗೆ?’ ಎಂದು ಕೇಳಿ ನೋಡಿ, ಆ ಪ್ರಶ್ನೆಗೇ ಅರ್ಥವಿಲ್ಲ ಎಂದು ಮಗುವೇ ಹೇಳುತ್ತದೆ. ಇವು ಅದಿಶ ಪರಿಮಾಣಗಳು. ಇನ್ನು ಬಾಗಿಲಿಗೆ ಹಾಕಿದ ಬಲ. ಎಷ್ಟು ಎಂದಷ್ಟೇ ಹೇಳಿದರೆ ಬಾಗಿಲು ತೆರೆಯಿತೋ ಮುಚ್ಚಿತೋ ಗೊತ್ತಾಗುವುದಿಲ್ಲ. ತಳ್ಳಿದ್ದೋ ಎಳೆದದ್ದೋ, ಯಾವ ಕಡೆಗೆ ಎಂದೂ ಹೇಳಬೇಕು. ಬಲ ಸದಿಶ ಪರಿಮಾಣ.

ದೂರಕ್ಕೂ ಸ್ಥಾನಪಲ್ಲಟಕ್ಕೂ, ಅಂದರೆ ಹೊರಟ ಜಾಗದಿಂದ ಸೇರಿದ ಜಾಗಕ್ಕೆ ಎಳೆದ ನೇರ ಬಾಣಕ್ಕೂ, ಇರುವ ವ್ಯತ್ಯಾಸ ನಮ್ಮ ಊರಿನ ಮಕ್ಕಳಿಗೆ ಬಹಳ ಸುಲಭ. ಡೊಂಬಿವಲಿಯಿಂದ ಮುಂಬಯಿಯ ಕೊನೆಯ ನಿಲ್ದಾಣ ಸಿಎಸ್‌ಎಂಟಿಗೆ ಹಳಿಯ ಮೇಲೆ ಸುಮಾರು 48 ಕಿ.ಮೀ. ಅಪ್ಪ ಬೆಳಿಗ್ಗೆ ಹೋಗಿ ರಾತ್ರಿ ಮನೆಗೆ ಬಂದರೆ ನಡೆದ ದೂರ 96 ಕಿ.ಮೀ., ಸ್ಥಾನಪಲ್ಲಟ ಸೊನ್ನೆ. ಇನ್ನೂ ಚೆಂದದ ಉದಾಹರಣೆ ದಿವಾ ಮತ್ತು ಥಾಣೆಯ ನಡುವೆ ಇದೆ. ಒಂದು ಹಳಿ ಪಾರಸಿಕ್ ಗುಡ್ಡದ ಸುರಂಗದೊಳಗಿಂದ ನೇರ ಹೋಗುತ್ತದೆ, ಇನ್ನೊಂದು ಮುಂಬ್ರಾ ಕಡೆಯಿಂದ ಗುಡ್ಡಕ್ಕೆ ಸುತ್ತು ಹಾಕುತ್ತದೆ. ಹೊರಟ ಊರು ಒಂದೇ, ಸೇರಿದ ಊರೂ ಒಂದೇ. ಸ್ಥಾನಪಲ್ಲಟದ ಬಾಣ ಎರಡಕ್ಕೂ ಒಂದೇ, ದೂರ ಮಾತ್ರ ಬೇರೆ ಬೇರೆ. ಜವ ಮತ್ತು ವೇಗದ ಸಂಬಂಧವೂ ಹಾಗೆಯೇ. ಮಾತಿನಲ್ಲಿ ನಾವು ಎರಡಕ್ಕೂ ವೇಗ ಎಂದೇ ಹೇಳುತ್ತೇವೆ. ಲೆಕ್ಕದಲ್ಲಿ ಮಾತ್ರ ಗಂಟೆಗೆ 60 ಕಿ.ಮೀ. ಎಂದರೆ ಜವ, ಗಂಟೆಗೆ 60 ಕಿ.ಮೀ. ಥಾಣೆಯ ಕಡೆಗೆ ಎಂದರೆ ವೇಗ.

ಮರಾಠಿ ಶಾಲೆಯ ಮಕ್ಕಳಿರುವ ಮನೆಯವರು ಒಂದು ಪದದ ಬಗ್ಗೆ ಎಚ್ಚರ ವಹಿಸಿ. ಸದಿಶ, ಅದಿಶ, ಬಲ ಇವು ಮರಾಠಿಯಲ್ಲೂ ಹೀಗೆಯೇ ಇವೆ, ಅದು ನಮ್ಮ ಪುಣ್ಯ. ಆದರೆ ಅಲ್ಲಿ ‘ರಾಶಿ’ ಎಂದರೆ ಪರಿಮಾಣ, ‘ಸದಿಶ ರಾಶಿ’ ಎಂದೇ ಬರೆಯುತ್ತಾರೆ. ನಮ್ಮ ಕನ್ನಡ ಪಠ್ಯದಲ್ಲಿ ‘ರಾಶಿ’ ಎಂದರೆ ವಸ್ತುವಿನಲ್ಲಿರುವ ದ್ರವ್ಯದ ಅಳತೆ, ಮರಾಠಿಯವರು ಅದಕ್ಕೆ ‘ವಸ್ತುಮಾನ’ ಎನ್ನುತ್ತಾರೆ. ‘ರಾಶಿ ಅದಿಶ’ ಎಂದು ನಾನು ಹೇಳಿದಾಗ ಒಬ್ಬ ಹುಡುಗ ಅರ್ಧ ಗಂಟೆ ಗೊಂದಲದಲ್ಲಿ ಕೂತಿದ್ದ. ಅವನ ಕಿವಿಗೆ ಅದು ‘ಪರಿಮಾಣ ಅದಿಶ’ ಎಂದು ಕೇಳಿಸಿತ್ತು. ಅಂದಿನಿಂದ ನಾನು ದ್ರವ್ಯರಾಶಿ ಎಂದು ಪೂರ್ತಿಯಾಗಿ ಹೇಳುತ್ತೇನೆ.

ದಿಕ್ಕು ಇದ್ದದ್ದೆಲ್ಲ ಸದಿಶ ಎಂದೂ ತಿಳಿಯಬಾರದು. ತಂತಿಯಲ್ಲಿ ಹರಿಯುವ ವಿದ್ಯುತ್ತಿಗೆ ದಿಕ್ಕು ಇದೆ, ಆದರೂ ವಿದ್ಯುತ್ ಪ್ರವಾಹ ಅದಿಶ. ಎರಡು ತಂತಿ ಒಂದು ಕಡೆ ಸೇರಿ 2 ಆಂಪಿಯರ್, 3 ಆಂಪಿಯರ್ ತಂದರೆ ಮುಂದಿನ ತಂತಿಯಲ್ಲಿ 5 ಆಂಪಿಯರ್. ಆ ತಂತಿಗಳು ಯಾವ ಕೋನದಲ್ಲಿ ಬಂದು ಸೇರಿದವು ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಬಲಗಳ ಸಂಗತಿ ಬೇರೆ. 2 ನ್ಯೂಟನ್ ಮತ್ತು 3 ನ್ಯೂಟನ್ ಸೇರಿದರೆ ಕೋನಕ್ಕೆ ತಕ್ಕಂತೆ 1ರಿಂದ 5ರವರೆಗೆ ಎಷ್ಟು ಬೇಕಾದರೂ ಆಗಬಹುದು. ಸದಿಶದ ನಿಜವಾದ ಗುರುತು ಈ ಕೂಡುವ ರೀತಿ. ಇದನ್ನು ಹೇಳಿದರೆ ಸಾಲದು, ತೋರಿಸಬೇಕು.

ಬೇಕಾದ ಸಾಮಾನು

ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ಎರಡು. ಮುಳ್ಳು ತಿರುಗುವ ಸ್ಪ್ರಿಂಗಿನದು ಸಿಕ್ಕರೆ ಉತ್ತಮ, ಬಲ ಹೆಚ್ಚು ಕಡಿಮೆ ಆಗುವುದು ಕಣ್ಣಿಗೆ ಕಾಣುತ್ತದೆ. ಡಿಜಿಟಲ್ ಆದರೆ ಕೆಲವು ಒಂದು ಅಂಕಿ ತೋರಿಸಿ ಅಲ್ಲೇ ನಿಂತುಬಿಡುತ್ತವೆ, ಪ್ರತಿ ಸಲ ಆರಿಸಿ ಹಾಕಬೇಕಾಗುತ್ತದೆ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ, ಗಟ್ಟಿ ನೂಲು, ಕೋನಮಾಪಕ, ಸ್ಕೇಲು, ಗ್ರಾಫ್ ಹಾಳೆ, ರೈಲಿಗೆ ಒಂದು ನಟ್. ಕಿಟಕಿಗೆ ಗ್ರಿಲ್ ಇದ್ದೇ ಇರುತ್ತದೆ.

ತಕ್ಕಡಿ ಬಂದ ಕೂಡಲೇ ಒಂದರ ಕೊಕ್ಕೆಗೆ ಇನ್ನೊಂದರ ಕೊಕ್ಕೆ ಸಿಕ್ಕಿಸಿ ಎರಡೂ ಒಂದೇ ಅಂಕಿ ತೋರಿಸುತ್ತವೆಯೇ ನೋಡಿ. ಈ ಪರೀಕ್ಷೆಯೇ ಒಂದು ಪಾಠ. ನಮ್ಮಲ್ಲಿ ಹತ್ತನೇ ತರಗತಿಯ ದಪ್ಪ ಹುಡುಗನನ್ನು ಒಂದು ತುದಿಗೆ, ಎಂಟನೇ ತರಗತಿಯ ಸಣ್ಣ ಹುಡುಗಿಯನ್ನು ಇನ್ನೊಂದು ತುದಿಗೆ ನಿಲ್ಲಿಸಿದೆ. ಎಳೆಯುವ ಮೊದಲು ಯಾರ ತಕ್ಕಡಿ ಹೆಚ್ಚು ತೋರಿಸುತ್ತದೆ ಎಂದು ಕೇಳಿದರೆ ಎಲ್ಲರೂ ಹುಡುಗನ ಹೆಸರೇ ಹೇಳಿದರು. ಎಳೆದರು. ಎರಡೂ 6 ಕೆಜಿ. ಇನ್ನೂ ಜೋರಾಗಿ ಎಳೆದರು. ಎರಡೂ 9. ಹುಡುಗಿ ಜಾರಿ ಮುಂದೆ ಬಂದಳು, ಆಗಲೂ ಎರಡು ಮುಳ್ಳು ಜೊತೆಜೊತೆಗೇ ಓಡುತ್ತಿದ್ದವು. ನ್ಯೂಟನ್ನರ ಮೂರನೇ ನಿಯಮ ಹೇಳುವುದು ಇದನ್ನೇ. ನಾನು ನಿನ್ನನ್ನು ಎಳೆದಷ್ಟೇ ನೀನು ನನ್ನನ್ನು ಎಳೆಯುತ್ತೀ, ದಿಕ್ಕು ಮಾತ್ರ ಎದುರು. ಹಾಗಾದರೆ ಜಾರಿದ್ದು ಅವಳೇ ಏಕೆ? ಆ ಪ್ರಶ್ನೆ ಮಗುವಿನ ಬಾಯಿಂದಲೇ ಬರುವವರೆಗೆ ಕಾಯಿರಿ. ಉತ್ತರ ಕಾಲಡಿಯಲ್ಲಿದೆ. ಅವಳ ಪಾದಕ್ಕೂ ನೆಲಕ್ಕೂ ನಡುವಿನ ಘರ್ಷಣೆ ಆ ಎಳೆತವನ್ನು ತಡೆಯುವಷ್ಟು ಇರಲಿಲ್ಲ, ಅವನದು ಇತ್ತು. ಅವಳ ಮೇಲೆ ಎಷ್ಟು ಬಲಗಳಿವೆ, ಅವನ ಮೇಲೆ ಎಷ್ಟು ಎಂದು ಬೇರೆ ಬೇರೆ ಬರೆದರೆ ಮಾತ್ರ ಇದು ಬಿಡಿಸಿಕೊಳ್ಳುತ್ತದೆ.

ತಕ್ಕಡಿ ಕೆಜಿ ತೋರಿಸುತ್ತದೆ, ಬಲದ ಮಾನ ನ್ಯೂಟನ್. ಕೆಜಿಯನ್ನು 9.8ರಿಂದ ಗುಣಿಸಿ. ಒಂದು ಕೆಜಿ ದ್ರವ್ಯರಾಶಿಗೆ ಪ್ರತಿ ಸೆಕೆಂಡಿಗೆ, ಸೆಕೆಂಡಿಗೆ ಒಂದು ಮೀಟರಿನಷ್ಟು ವೇಗ ಹೆಚ್ಚಿಸುವ ಬಲವೇ ಒಂದು ನ್ಯೂಟನ್. 1687ರಲ್ಲಿ ಚಲನೆಯ ಮೂರು ನಿಯಮಗಳನ್ನು ಪ್ರಕಟಿಸಿದವರ ಹೆಸರನ್ನು ಈ ಮಾನಕ್ಕೆ 1948ರಲ್ಲಿ ಅಂತರರಾಷ್ಟ್ರೀಯವಾಗಿ ಒಪ್ಪಿಕೊಂಡರು. ಕೈಗೆ ಅಂದಾಜು ಸಿಗಲಿ ಎಂದು ನಾನು ಮಕ್ಕಳ ಅಂಗೈ ಮೇಲೆ ಇಡ್ಲಿ ಇಡುತ್ತೇನೆ. ನಮ್ಮ ಮನೆಯ ಇಡ್ಲಿ ಎರಡು ಸೇರಿದರೆ ನೂರು ಗ್ರಾಂ ಹತ್ತಿರ ಬರುತ್ತದೆ. ಅವು ಅಂಗೈಯನ್ನು ಕೆಳಗೆ ಒತ್ತುವ ಬಲ ಹೆಚ್ಚು ಕಡಿಮೆ ಒಂದು ನ್ಯೂಟನ್.

ಬಾಟಲಿ, ಎರಡು ನೂಲು

ಇನ್ನು ಮುಖ್ಯ ಪ್ರಯೋಗ. ಇದಕ್ಕೆ ಅವಸರ ಮಾಡಬೇಡಿ. ಬಾಟಲಿ ಸೇರಿ ಸರಿಯಾಗಿ ಎರಡು ಕೆಜಿ ಬರುವಷ್ಟು ನೀರು ತುಂಬಿ. ಕುತ್ತಿಗೆಗೆ ಸಮ ಉದ್ದದ ಎರಡು ನೂಲು ಕಟ್ಟಿ, ಪ್ರತಿ ನೂಲಿನ ತುದಿಯನ್ನು ಒಂದೊಂದು ತಕ್ಕಡಿಗೆ ಸಿಕ್ಕಿಸಿ, ಎರಡು ತಕ್ಕಡಿಗಳನ್ನೂ ಕಿಟಕಿ ಗ್ರಿಲ್‌ನ ಅಡ್ಡ ಸರಳಿಗೆ ಒಂದರ ಪಕ್ಕ ಒಂದು ತೂಗುಹಾಕಿ. ಕೆಳಗೆ ಒಂದು ದಿಂಬು ಇರಲಿ. ನೂಲುಗಳು ನೇರ ಕೆಳಗಿದ್ದಾಗ ಎರಡರಲ್ಲೂ ಒಂದೊಂದು ಕೆಜಿ. ಇಲ್ಲಿಗೆ ಮಕ್ಕಳು ಒಪ್ಪುತ್ತಾರೆ, ಎರಡು ಕೆಜಿಯನ್ನು ಇಬ್ಬರು ಹಂಚಿಕೊಂಡರು ಎನ್ನುತ್ತಾರೆ.

ಈಗ ತಕ್ಕಡಿಗಳನ್ನು ಸರಳಿನ ಮೇಲೆ ದೂರ ದೂರ ಸರಿಸಿ. ಹಿಂದೆ ಒಂದು ಹಾಳೆ ಹಿಡಿದು ನೂಲಿನ ಗುಂಟ ಪೆನ್ಸಿಲ್ ಎಳೆದು, ಎರಡು ನೂಲುಗಳ ನಡುವಿನ ಕೋನ ಅಳೆಯಿರಿ. 60 ಡಿಗ್ರಿ ಆದಾಗ ಪ್ರತಿ ತಕ್ಕಡಿಯಲ್ಲಿ 1.15 ಕೆಜಿ ಹತ್ತಿರ. 90 ಆದಾಗ 1.4. ಮಕ್ಕಳ ಹುಬ್ಬು ಇಲ್ಲಿಂದ ಮೇಲೇರಲು ಶುರುವಾಗುತ್ತದೆ, ಎರಡೂ ಸೇರಿದರೆ 2.8 ಆಯಿತಲ್ಲ, ನೀರು ಹೆಚ್ಚಾಗಲಿಲ್ಲವಲ್ಲ! 120ಕ್ಕೆ ತಂದಾಗ ಎಡಗಡೆಯ ತಕ್ಕಡಿಯಲ್ಲಿ ಎರಡು ಕೆಜಿ, ಬಲಗಡೆಯದರಲ್ಲೂ ಎರಡು ಕೆಜಿ. ಒಬ್ಬರೇ ಎತ್ತಬಹುದಾದ ಭಾರವನ್ನು ಇಬ್ಬರು ಎತ್ತುತ್ತಿದ್ದಾರೆ, ಆದರೂ ಇಬ್ಬರಿಗೂ ಪೂರ್ತಿ ಭಾರ. 150ಕ್ಕೆ ಹೋದರೆ ಒಂದೊಂದರಲ್ಲೂ ನಾಲ್ಕು ಕೆಜಿಯ ಹತ್ತಿರ. ನಿಮ್ಮ ಅಂಕಿ ನೂರು ಗ್ರಾಂ ಆಚೀಚೆ ಬಂದರೆ ಚಿಂತೆಯಿಲ್ಲ. ತಕ್ಕಡಿಯ ಸ್ವಂತ ತೂಕವೂ ನೂಲನ್ನು ಸ್ವಲ್ಪ ಬಾಗಿಸುತ್ತದೆ.

ಅಂಕಿ ಸಿಕ್ಕ ಮೇಲೆ ಗ್ರಾಫ್ ಹಾಳೆಗೆ ಬನ್ನಿ. ಎರಡು ಕೆಜಿ ಎಂದರೆ 19.6 ನ್ಯೂಟನ್, 20 ಎಂದುಕೊಳ್ಳಿ. 4 ನ್ಯೂಟನ್‌ಗೆ ಒಂದು ಸೆಂಟಿಮೀಟರ್ ಎಂದು ಅಳತೆ ಇಟ್ಟುಕೊಳ್ಳಿ. ಒಂದು ಚುಕ್ಕಿ ಹಾಕಿ, ಅದು ಬಾಟಲಿಯ ಕುತ್ತಿಗೆ. ಅಲ್ಲಿಂದ ನೂಲುಗಳು ಹೋದ ದಿಕ್ಕಿನಲ್ಲೇ ಎರಡು ಬಾಣ ಎಳೆಯಿರಿ, ತಕ್ಕಡಿ ತೋರಿಸಿದಷ್ಟೇ ಉದ್ದ. 120 ಡಿಗ್ರಿಗೆ ಎರಡೂ ಐದೈದು ಸೆಂ.ಮೀ. ಆ ಎರಡನ್ನು ಬಾಹುಗಳಾಗಿ ಮಾಡಿ ಸಮಾಂತರ ಚತುರ್ಭುಜ ಪೂರ್ತಿ ಮಾಡಿ, ಚುಕ್ಕಿಯಿಂದ ಕರ್ಣ ಎಳೆದು ಅಳೆಯಿರಿ. ಐದು ಸೆಂ.ಮೀ., ನೆಟ್ಟಗೆ ಮೇಲಕ್ಕೆ. 90 ಡಿಗ್ರಿಗೆ ಮಾಡಿದರೆ ಬಾಹುಗಳು ಮೂರೂವರೆ, ಕರ್ಣ ಮತ್ತೆ ಐದು. ಕೋನ ಯಾವುದಾದರೂ ಕರ್ಣ ಐದೇ, ಏಕೆಂದರೆ ಕೆಳಗೆ ಎಳೆಯುವ ನೀರಿನ ಭಾರ ಬದಲಾಗಿಲ್ಲ. ಆ ಕರ್ಣವೇ ಫಲಿತ ಬಲ, ಎರಡು ಎಳೆತ ಸೇರಿ ಆಗುವ ಒಂದೇ ಬಲ. ತಾನೇ ಅಳೆದ ಅಂಕಿಯಿಂದ, ತನ್ನದೇ ಪೆನ್ಸಿಲಿನಿಂದ ಮೂರನೇ ಸಲವೂ ಐದೇ ಬಂದಾಗ ಮಗುವಿನ ಮುಖ ನೋಡಿ. ಆ ಒಂದು ನೋಟಕ್ಕಾಗಿ ನಾನು ವಾರವಿಡೀ ಕಾಯುತ್ತೇನೆ.

ಇನ್ನೊಂದು ಪ್ರಶ್ನೆ ಇಲ್ಲೇ ಕೇಳಿಬಿಡಿ. ನೂಲನ್ನು ಪೂರ್ತಿ ಅಡ್ಡ, 180 ಡಿಗ್ರಿ ಮಾಡಬಹುದೇ? ಇಬ್ಬರು ಹಿಡಿದು ಎಷ್ಟು ಬೇಕಾದರೂ ಎಳೆಯಲಿ, ಬಾಟಲಿ ಇರುವ ಕಡೆ ಚೂರಾದರೂ ತಗ್ಗು ಉಳಿದೇ ಉಳಿಯುತ್ತದೆ. ಪೂರ್ತಿ ಅಡ್ಡ ಇರುವ ಎರಡು ಬಾಣಗಳಿಗೆ ಮೇಲ್ಮುಖ ಕರ್ಣವೇ ಇಲ್ಲ, ನೀರಿನ ಭಾರವನ್ನು ಹಿಡಿಯುವವರು ಯಾರು?

ಬಾಗಿದ ಐ ಬೋಲ್ಟ್

ಇದನ್ನು ನನ್ನ ಕೈ ಮೊದಲು ಕಲಿತದ್ದು ಹೋಟೆಲಿನಲ್ಲಿ. ಬೆಳಿಗ್ಗೆ ಐದು ಗಂಟೆಗೆ ಸಾಂಬಾರಿನ ದೊಡ್ಡ ಪಾತ್ರೆಯನ್ನು ಇಬ್ಬರು ಹುಡುಗರು ಎರಡು ಕಿವಿ ಹಿಡಿದು ಒಲೆಯಿಂದ ಇಳಿಸಬೇಕು. ಬಿಸಿ ತಾಗೀತೆಂದು ನಾನು ಪಾತ್ರೆಯಿಂದ ದೂರ ನಿಂತು ತೋಳು ಚಾಚಿ ಹಿಡಿಯುತ್ತಿದ್ದೆ, ತೋಳು ನಡುಗುತ್ತಿತ್ತು. ಅಡುಗೆ ಭಟ್ಟರು ‘ಪಾತ್ರೆಗೆ ಹತ್ತಿರ ಬಾ ಮಾರಾಯಾ, ಕೈ ನೇರ ಕೆಳಗೆ ಬಿಡು’ ಎಂದರು. ಹತ್ತಿರ ಹೋದೆ, ಪಾತ್ರೆ ಹಗುರಾಯಿತು. ಏಕೆಂದು ಆಗ ಗೊತ್ತಿರಲಿಲ್ಲ.

ಗೊತ್ತಾದದ್ದು ಕಾರ್ಖಾನೆಯಲ್ಲಿ. ಎರಡು ಟನ್ನಿನ ಒಂದು ಗೇರ್‌ಬಾಕ್ಸ್ ಎತ್ತಬೇಕಿತ್ತು. ಮೇಲ್ಛಾವಣಿ ತಗ್ಗು, ಕ್ರೇನಿನ ಕೊಕ್ಕೆ ಅಷ್ಟು ಮೇಲೆ ಹೋಗುತ್ತಿರಲಿಲ್ಲ. ಅದಕ್ಕೆ ಮುಕಾದಮ ಗಿಡ್ಡ ಸ್ಲಿಂಗ್, ಅಂದರೆ ಭಾರ ಎತ್ತುವ ಹಗ್ಗ, ಹಾಕಿಸಿದ. ಎರಡೂ ಬದಿಯ ಐ ಬೋಲ್ಟುಗಳಿಂದ (ತಲೆಯಲ್ಲಿ ಬಳೆ ಇರುವ ಬೋಲ್ಟು) ಕೊಕ್ಕೆಗೆ ಹೋದ ಸ್ಲಿಂಗುಗಳು ಬಹುತೇಕ ಮಲಗಿದಂತಿದ್ದವು, ಅಡ್ಡ ಗೆರೆಯಿಂದ ಹದಿನೈದು ಡಿಗ್ರಿ ಇರಬಹುದು. ಎರಡು ಟನ್, ಎರಡು ಸ್ಲಿಂಗ್, ಒಂದಕ್ಕೆ ಒಂದು ಟನ್ ಎಂದು ಎಲ್ಲರೂ ಬಾಯಲ್ಲೇ ಲೆಕ್ಕ ಹಾಕಿದೆವು. ನಾನೂ ಹಾಕಿದೆ. ಗೇರ್‌ಬಾಕ್ಸ್ ಒಂದು ಗೇಣು ಮೇಲೆದ್ದಾಗ ಟಕ್ ಎಂದು ಸದ್ದಾಯಿತು. ಎರಡೂ ಐ ಬೋಲ್ಟುಗಳು ಒಂದಕ್ಕೊಂದು ತಲೆ ಬಾಗಿಸಿದಂತೆ ಒಳಕ್ಕೆ ಬಾಗಿದವು, ಒಂದರ ತಿರುಪು ಕಿತ್ತು ಬಂತು, ಗೇರ್‌ಬಾಕ್ಸ್ ಮರದ ದಿಮ್ಮಿಯ ಮೇಲೆ ಕುಸಿಯಿತು. ಯಾರ ಕಾಲೂ ಕೆಳಗಿರಲಿಲ್ಲ, ದೇವರು ದೊಡ್ಡವನು. ರಾತ್ರಿ ಮನೆಯಲ್ಲಿ ಕೂತು ಬಾಣ ಎಳೆದೆ. ಪ್ರತಿ ಸ್ಲಿಂಗಿನಲ್ಲಿ 3.9 ಟನ್ ಭಾರದಷ್ಟು ಎಳೆತ. ಅದರಲ್ಲಿ ಮೇಲಕ್ಕೆ ಎತ್ತಿದ ಪಾಲು ಒಂದೇ ಟನ್. ಐ ಬೋಲ್ಟನ್ನು ಅಡ್ಡಕ್ಕೆ ಎಳೆದ ಪಾಲು 3.7 ಟನ್. ಐ ಬೋಲ್ಟು ನೇರ ಮೇಲೆ ಎಳೆಯಲು ಮಾಡಿದ್ದು, ಅಡ್ಡ ಎಳೆತಕ್ಕಲ್ಲ.

ಆ ಬೋಲ್ಟು ನನ್ನ ಹತ್ತಿರ ಇನ್ನೂ ಇದೆ. ಹೆಬ್ಬೆರಳಿಗಿಂತ ದಪ್ಪ, ಕುತ್ತಿಗೆಯ ಹತ್ತಿರ ಬಿರುಕು, ಒಂದು ಕಡೆಯ ತಿರುಪಿನ ಹಲ್ಲುಗಳು ಸವೆದು ನುಣುಪಾಗಿವೆ. ಮಕ್ಕಳು ಅದನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಬಲವನ್ನು ಘಟಕಗಳಾಗಿ ಬಿಡಿಸುವುದು ಎಂಬ ಪಾಠವನ್ನು ನಾನು ಅದನ್ನು ಅವರ ಕೈಗೆ ಕೊಟ್ಟೇ ಶುರುಮಾಡುವುದು. ಓರೆಯಾದ ಒಂದು ಬಾಣ ಎಳೆಯಿರಿ. ಅದನ್ನು ಕರ್ಣವಾಗಿ ಇಟ್ಟು ಒಂದು ಆಯತ ಬರೆಯಿರಿ. ನಿಂತ ಬಾಹು ಮೇಲಕ್ಕೆ ಎತ್ತುವ ಪಾಲು, ಮಲಗಿದ ಬಾಹು ಅಡ್ಡಕ್ಕೆ ಎಳೆಯುವ ಪಾಲು. ಕೆಲಸದಲ್ಲಿ ನಾವು ಆಮೇಲೆ ಪಾಲಿಸಿದ ನಿಯಮ: ಸ್ಲಿಂಗ್ ಅಡ್ಡ ಗೆರೆಯಿಂದ 60 ಡಿಗ್ರಿ ಇದ್ದರೆ ಚೆನ್ನ, 30ರ ಕೆಳಗೆ ಯಾವತ್ತೂ ಬೇಡ. 30ಕ್ಕೆ ಪ್ರತಿ ಸ್ಲಿಂಗಿಗೂ ಪೂರ್ತಿ ಭಾರ ಬೀಳುತ್ತದೆ, ಬಾಟಲಿಯ 120 ಡಿಗ್ರಿಯೂ ಇದೂ ಒಂದೇ ಚಿತ್ರ.

ಮನೆಯಲ್ಲೇ ಇರುವ ಐ ಬೋಲ್ಟ್ ಎಂದರೆ ಗ್ಯಾಲರಿಯ ಬಟ್ಟೆ ಹಗ್ಗದ ಕೊಕ್ಕೆ. ಮಳೆಗಾಲದಲ್ಲಿ ಹಗ್ಗ ಜೋತುಬಿದ್ದರೆ ನೋಡಲು ಚೆಂದವಿಲ್ಲವೆಂದು ಬಿಗಿದು ಕಟ್ಟುತ್ತೇವೆ, ಒದ್ದೆ ಚಾದರ ಹಾಕಿದ ದಿನ ಕೊಕ್ಕೆ ಗೋಡೆಯಿಂದ ಕಿತ್ತು ಬರುತ್ತದೆ. ಲೆಕ್ಕ ಸುಲಭ, ಮಗುವೇ ಮಾಡಲಿ. ಕೊಕ್ಕೆಗಳ ನಡುವೆ ಎರಡು ಮೀಟರ್, ನಡುವೆ ನಾಲ್ಕು ಕೆಜಿಯ ಒದ್ದೆ ಬಟ್ಟೆ. ಭಾರದ ಅರ್ಧವನ್ನು ತೆಗೆದುಕೊಂಡು, ಹಗ್ಗದ ಅರ್ಧ ಉದ್ದದಿಂದ ಗುಣಿಸಿ, ಜೋತ ಆಳದಿಂದ ಭಾಗಿಸಿ. ಹತ್ತು ಸೆಂ.ಮೀ. ಜೋತಿದ್ದರೆ ಪ್ರತಿ ಕೊಕ್ಕೆಗೆ 20 ಕೆಜಿ ಭಾರದಷ್ಟು ಎಳೆತ. ನಲವತ್ತು ಸೆಂ.ಮೀ. ಜೋತರೆ ಐದೂವರೆಯ ಹತ್ತಿರ. ಎರಡು ಸಮರೂಪ ತ್ರಿಭುಜಗಳಿಂದ ಈ ಸೂತ್ರ ಬರುತ್ತದೆ, ಹತ್ತನೇ ತರಗತಿಯವರು ಸಾಧಿಸಿ ತೋರಿಸಲಿ.

ಇಳಿಜಾರು

ಇಳಿಜಾರಿನಲ್ಲೂ ಇದೇ ಬಿಡಿಸುವಿಕೆ. ಮುಂಬಯಿಯಿಂದ ಪುಣೆಗೆ ರೈಲಿನಲ್ಲಿ ಹೋದವರು ಕರ್ಜತ್‌ನಲ್ಲಿ ಹಿಂದಿನಿಂದ ಎಂಜಿನುಗಳು ಬಂದು ಸೇರುವುದನ್ನು ನೋಡಿರುತ್ತಾರೆ, ಆ ಹೊತ್ತಿನಲ್ಲಿ ಎಲ್ಲರೂ ಪ್ಲಾಟ್‌ಫಾರಂನಲ್ಲಿ ವಡಾಪಾವ್ ಕೊಳ್ಳುತ್ತಿರುತ್ತಾರೆ. ಅಲ್ಲಿಂದ ಲೋಣಾವಳಾದವರೆಗಿನ ಭೋರ್ ಘಾಟ್ ಹಳಿ 1863ರಲ್ಲಿ ತೆರೆದದ್ದು. ಅದರ ಏರು ಮೂವತ್ತೇಳಕ್ಕೆ ಒಂದು, ಅಂದರೆ 37 ಮೀಟರ್ ಹೋದರೆ ಒಂದು ಮೀಟರ್ ಮೇಲೆ. ಕಣ್ಣಿಗೆ ಅದು ಏರು ಎಂದೇ ಅನಿಸುವುದಿಲ್ಲ. ಸಾವಿರ ಟನ್ನಿನ ಗಾಡಿಯ ಭಾರದಲ್ಲಿ ಇಳಿಜಾರಿನ ಗುಂಟ ಹಿಂದಕ್ಕೆ ಎಳೆಯುವ ಪಾಲು ಸಾವಿರವನ್ನು 37ರಿಂದ ಭಾಗಿಸಿದಷ್ಟು, ಸುಮಾರು 27 ಟನ್. ಉಳಿದ ಘಟಕ ಹಳಿಯನ್ನು ಒತ್ತುತ್ತದೆ, ಅದು ಬಹುತೇಕ ಸಾವಿರವೇ. ಆ 27 ಟನ್ನಿಗಾಗಿ ಹಿಂದಿನ ಎಂಜಿನುಗಳು. ಇಳಿಜಾರಿನ ಈ ಲೆಕ್ಕವನ್ನು ನ್ಯೂಟನ್ನರಿಗೂ ನೂರು ವರ್ಷ ಮೊದಲು, 1586ರಲ್ಲಿ, ಸೈಮನ್ ಸ್ಟೆವಿನ್ ಎಂಬ ಗಣಿತಜ್ಞರು ಬಿಡಿಸಿದ್ದರು. ಮಗುವಿಗೆ ಆಟಿಕೆ ಗಾಡಿ, ಹಲಗೆ, ಒಂದು ತಕ್ಕಡಿ ಕೊಟ್ಟರೆ ಅರ್ಧ ಗಂಟೆಯಲ್ಲಿ ಇದನ್ನು ಪರೀಕ್ಷಿಸಬಹುದು.

ಕೇರಂ ಬೋರ್ಡಿನ ಮೇಲೆ ಬಾಣ

ಒಂದು ವಸ್ತುವಿನ ಮೇಲಿನ ಬಲಗಳನ್ನು ಬರೆಯುವಾಗ ಆ ಒಂದೇ ವಸ್ತುವನ್ನು ಚುಕ್ಕಿಯಾಗಿ ಬರೆದು, ಅದನ್ನು ಯಾರು ಯಾರು ತಳ್ಳುತ್ತಿದ್ದಾರೆ, ಎಳೆಯುತ್ತಿದ್ದಾರೆ ಎಂದು ಕೇಳಿಕೊಳ್ಳಬೇಕು. ಪ್ರತಿ ಬಾಣಕ್ಕೂ ಹಾಕಿದವರ ಹೆಸರು ಬರೆಸಿ. ಹೆಸರು ಹೇಳಲಾಗದ ಬಾಣವನ್ನು ಅಳಿಸಿಬಿಡಿ.

ಕೇರಂ ಇದಕ್ಕೆ ಒಳ್ಳೆಯದು. ಸ್ಟ್ರೈಕರ್ ಬೆರಳಿನಿಂದ ಬಿಟ್ಟು ಬೋರ್ಡಿನ ನಡುವೆ ಓಡುತ್ತಿದೆ, ಅದರ ಮೇಲೆ ಯಾವ ಬಲಗಳಿವೆ? ಹತ್ತರಲ್ಲಿ ಒಂಬತ್ತು ಮಕ್ಕಳು ಮುಂದಕ್ಕೆ ಒಂದು ಬಾಣ ಎಳೆಯುತ್ತಾರೆ. ‘ಈ ಬಾಣ ಹಾಕಿದವರು ಯಾರು?’ ‘ಬೆರಳು, ಮಾಮ.’ ‘ಬೆರಳು ಈಗ ತಾಗುತ್ತಿದೆಯೇ?’ ಇಲ್ಲ. ಉಳಿಯುವುದು ಭೂಮಿ ಕೆಳಕ್ಕೆ ಎಳೆಯುವುದು, ಬೋರ್ಡು ಮೇಲಕ್ಕೆ ತಳ್ಳುವುದು, ಘರ್ಷಣೆ ಹಿಂದಕ್ಕೆ ಎಳೆಯುವುದು. ಮುಂದಕ್ಕೆ ವೇಗ ಇದೆ, ಮುಂದಕ್ಕೆ ಬಲ ಇಲ್ಲ. ವೇಗಕ್ಕೆ ಬೇರೆ ಬಣ್ಣದ ಪೆನ್ಸಿಲ್ ಬಳಸಿ, ಎರಡೂ ಬಾಣ ಬೆರೆಯದಿರಲಿ. ಪೌಡರ್ ಹಾಕಿ ಹೊಡೆದರೆ ಸ್ಟ್ರೈಕರ್ ಹೆಚ್ಚು ದೂರ ಹೋಗುತ್ತದೆ, ಹಿಂದಕ್ಕೆ ಎಳೆಯುವ ಬಾಣ ಗಿಡ್ಡವಾದದ್ದಕ್ಕೆ. ಆ ಬಾಣ ಪೂರ್ತಿ ಇಲ್ಲವಾದರೆ ಏನಾಗಬೇಕು ಎಂದು ಮಕ್ಕಳನ್ನೇ ಕೇಳಿ, ಸ್ಟ್ರೈಕರ್ ಅದೇ ವೇಗದಲ್ಲಿ ನೇರ ಓಡುತ್ತಲೇ ಇರಬೇಕು ಎಂಬ ಮೊದಲನೇ ನಿಯಮ ಅವರ ಬಾಯಲ್ಲೇ ಬರುತ್ತದೆ.

ಲೋಕಲ್ ರೈಲಿನಲ್ಲಿ ನಟ್

ರಜೆಯ ದಿನ ಮಧ್ಯಾಹ್ನ, ಜನ ಕಡಿಮೆ ಇರುವ ಸ್ಲೋ ಗಾಡಿ ಹಿಡಿಯಿರಿ. ಕೂತೇ ಮಾಡಬೇಕು, ಬಾಗಿಲ ಹತ್ತಿರ ಬೇಡವೇ ಬೇಡ. ಮೂವತ್ತು ಸೆಂ.ಮೀ. ನೂಲಿಗೆ ನಟ್ ಕಟ್ಟಿ, ಕಿಟಕಿಯ ಮೇಲಿನ ಕಂಬಿಗೆ ತೂಗುಹಾಕಿ, ಹಿಂದೆ ಸ್ಕೇಲು ಅಡ್ಡ ಹಿಡಿಯಿರಿ. ಡೊಂಬಿವಲಿ ಬಿಟ್ಟರೆ ಕೋಪರ್, ದಿವಾ, ಮುಂಬ್ರಾ, ಕಳ್ವಾ, ಥಾಣೆ, ಪ್ರತಿ ನಿಲ್ದಾಣದಲ್ಲೂ ಹೊಸ ಅವಕಾಶ. ಗಾಡಿ ಹೊರಟ ಮೊದಲ ಕೆಲವು ಸೆಕೆಂಡು ನಟ್ ಹಿಂದಕ್ಕೆ ಸರಿದು ನಿಲ್ಲುತ್ತದೆ. ನಮಗೆ ಸಿಕ್ಕಿದ್ದು ಒಂದೂವರೆ ಸೆಂ.ಮೀ. ಒಂದೂವರೆಯನ್ನು ಮೂವತ್ತರಿಂದ ಭಾಗಿಸಿ 9.8ರಿಂದ ಗುಣಿಸಿದರೆ ಸುಮಾರು 0.5, ಅಂದರೆ ಗಾಡಿಯ ವೇಗೋತ್ಕರ್ಷ ಪ್ರತಿ ಸೆಕೆಂಡಿಗೆ, ಸೆಕೆಂಡಿಗೆ ಅರ್ಧ ಮೀಟರ್. ಐವತ್ತು ಕೆಜಿಯ ಹುಡುಗನನ್ನು ಆಗ ಸೀಟು ಮುಂದಕ್ಕೆ ತಳ್ಳುವ ಬಲ 25 ನ್ಯೂಟನ್.

ನಟ್ ಹಿಂದೆ ಸರಿದಾಗ ‘ಹಿಂದಕ್ಕೆ ಬಲ ಬಿತ್ತು’ ಎಂದು ಬರೆಯಬೇಡಿ. ನಟ್‌ನ ಮೇಲೆ ಎರಡೇ ಬಾಣ: ಭೂಮಿಯದು ಕೆಳಕ್ಕೆ, ನೂಲಿನದು ಓರೆಯಾಗಿ ಮೇಲಕ್ಕೂ ಮುಂದಕ್ಕೂ. ಕೂಡಿದರೆ ಫಲಿತ ಮುಂದಕ್ಕೇ ಬರುತ್ತದೆ, ಗಾಡಿ ಹೋಗುವ ಕಡೆಗೆ. ಗಾಡಿ ಒಂದೇ ವೇಗದಲ್ಲಿ ಓಡುವಾಗ ನಟ್ ನೆಟ್ಟಗೆ, ಪ್ಲಾಟ್‌ಫಾರಂನಲ್ಲಿ ನಿಂತಾಗ ಇದ್ದ ಹಾಗೆಯೇ. ಬ್ರೇಕ್ ಹಾಕಿದಾಗ ಮುಂದಕ್ಕೆ.

ದಿವಾ ದಾಟಿ ಗುಡ್ಡ ಸುತ್ತುವ ತಿರುವಿನಲ್ಲಿ ನಾನು ಮಕ್ಕಳಿಗೆ ಜವ ಬದಲಾಗುತ್ತಿಲ್ಲ, ವೇಗ ಬದಲಾಗುತ್ತಿದೆ, ಏಕೆಂದರೆ ದಿಕ್ಕು ತಿರುಗುತ್ತಿದೆ, ನಟ್ ತಿರುವಿನ ಹೊರಗೆ, ಖಾಡಿಯ (ಸಮುದ್ರದ ಹಿನ್ನೀರಿನ) ಕಡೆಗೆ ವಾಲಬೇಕು ಎಂದಿದ್ದೆ. ಅಷ್ಟರಲ್ಲಿ ಸಿಗ್ನಲ್ ಸಿಗದೆ ಗಾಡಿ ತಿರುವಿನಲ್ಲೇ ನಿಂತಿತು. ಎಂಟನೇ ತರಗತಿಯ ಆ ಸಣ್ಣ ಹುಡುಗಿ, ‘ಮಾಮ, ಗಾಡಿ ನಿಂತಿದೆ, ಆದರೂ ನಟ್ ನೆಟ್ಟಗಿಲ್ಲ. ಗುಡ್ಡದ ಕಡೆಗೆ ಹೋಗಿದೆ ನೋಡಿ’ ಎಂದಳು. ನಿಜವೇ. ತಿರುವಿನಲ್ಲಿ ಹೊರಗಿನ ಹಳಿಯನ್ನು ಒಳಗಿನದಕ್ಕಿಂತ ತುಸು ಎತ್ತರದಲ್ಲಿ ಹಾಕಿರುತ್ತಾರೆ, ಓಡುವ ಗಾಡಿಯನ್ನು ತಿರುಗಿಸಲು ಬೇಕಾದ ಒಳಮುಖ ಬಲ ಅದರಿಂದ ಸುಲಭವಾಗಿ ಸಿಗುತ್ತದೆ. ನಾನು ಅದನ್ನು ಹೇಳಲಿಲ್ಲ. ಬಾಣ ಹಾಕು ಎಂದೆ. ಅವಳು ಚುಕ್ಕಿ ಹಾಕಿ ಭೂಮಿಯದನ್ನು ಕೆಳಕ್ಕೆ ಎಳೆದಳು. ನೂಲಿನದನ್ನು ಓರೆಯಾಗಿ ಎಳೆಯಲು ಹೋಗಿ ಪೆನ್ಸಿಲ್ ನಿಲ್ಲಿಸಿದಳು. ಓರೆಯಾದರೆ ಫಲಿತ ಉಳಿಯುತ್ತದೆ, ಫಲಿತ ಉಳಿದರೆ ನಟ್ ನಿಲ್ಲಬಾರದು. ರಬ್ಬರ್ ತೆಗೆದು ಅಳಿಸಿ ನೂಲಿನ ಬಾಣವನ್ನು ನೆಟ್ಟಗೆ ಮೇಲಕ್ಕೆ ಎಳೆದಳು, ಆಮೇಲೆ ಅದರ ಸುತ್ತ ರೈಲಿನ ಡಬ್ಬಿಯನ್ನು ಗುಡ್ಡದ ಕಡೆಗೆ ವಾಲಿಸಿ ಬರೆದಳು.